ಇಂಜುರಿ ಅಂದರೆ ಬರೀ ಗಾಯವೇ?

ಇಂಗ್ಲಿಷಿನ ‘ಇಂಜುರಿ’ಗೆ ಕನ್ನಡದಲ್ಲಿ ಏನಂತಾರೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಯೋಚನೆಯನ್ನೇ ಮಾಡದೆ ‘ಗಾಯ’ ಅನ್ನುತ್ತೇವೆ. ಪತ್ರಿಕೆಯವರೂ ಅದನ್ನೇ ಬರೆಯುತ್ತಾರೆ, ಅನುವಾದಕರೂ ಅದನ್ನೇ ಬಳಸುತ್ತಾರೆ. ಮಂಡಿ ತರಚಿದ್ದಕ್ಕೆ, ಕ್ರಿಕೆಟ್ಟಿಗನ ಬೆನ್ನುನೋವಿಗೆ ಇದು ಸಾಕು. ಆದರೆ ಈ ಪದ ಹುಟ್ಟಿದ್ದು ಆಸ್ಪತ್ರೆಯ ಆವರಣದಲ್ಲಲ್ಲ, ಕೋರ್ಟು ಕಟ್ಟೆಯ ಮೇಲೆ. ಅದನ್ನು ಮರೆತರೆ ಅನುವಾದದಲ್ಲಿ ಒಂದು ಪದದ ಜೊತೆಗೆ ಒಬ್ಬ ಮನುಷ್ಯನೂ ಕಾಣೆಯಾಗುತ್ತಾನೆ: ಗಾಯ ಮಾಡಿದವನು.

ಪದವನ್ನು ಬಿಡಿಸಿ ನೋಡೋಣ. ಲ್ಯಾಟಿನ್ನಿನಲ್ಲಿ ‘ಯೂಸ್’ ಅಂದರೆ ಹಕ್ಕು, ಕಾನೂನು, ನ್ಯಾಯ. ಜಸ್ಟಿಸ್, ಜ್ಯೂರಿ ಎಲ್ಲ ಅದೇ ಬೇರಿನವು. ಅದರ ಹಿಂದೆ ‘ಅಲ್ಲ’ ಎನ್ನುವ ‘ಇನ್’ ಸೇರಿದರೆ ‘ಇನ್‌ಯೂರಿಯಾ’. ಇದನ್ನು ಬಿಡಿಬಿಡಿಯಾಗಿ ಕನ್ನಡಕ್ಕೆ ತಂದರೆ ಸಿಗುವುದು ‘ಅ-ನ್ಯಾಯ’. ಫ್ರೆಂಚ್ ಮೂಲಕ ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಾಗಲೂ ಅದರ ಮುಖ್ಯ ಅರ್ಥ ಅನ್ಯಾಯವೇ. 1776ರಲ್ಲಿ ಅಮೆರಿಕನ್ನರು ತಮ್ಮ ಸ್ವಾತಂತ್ರ್ಯ ಘೋಷಣೆಯಲ್ಲಿ ಬ್ರಿಟಿಷ್ ದೊರೆಯ ‘ಇಂಜುರಿ’ಗಳನ್ನು ಪಟ್ಟಿ ಮಾಡಿದರಲ್ಲ, ಅವು ಕೈಕಾಲಿನ ಗಾಯಗಳಲ್ಲ, ಆಳುವವನು ಎಸಗಿದ ಅನ್ಯಾಯಗಳು. ಫ್ರೆಂಚಿನಲ್ಲಿ ಇವತ್ತಿಗೂ ‘ಆಂಜ್ಯೂರ್’ ಅಂದರೆ ಬೈಗುಳ. ಇಂಗ್ಲಿಷಿನಲ್ಲಿ ಮಾತ್ರ ಪದ ನಿಧಾನವಾಗಿ ಮೈಮೇಲಿನ ಪೆಟ್ಟಿನ ಕಡೆಗೆ ಜಾರಿತು. ತಮಾಷೆಯೆಂದರೆ ‘ಇನ್ಸಲ್ಟ್’ ಸಾಗಿದ್ದು ಇದರ ಎದುರು ದಿಕ್ಕಿಗೆ. ಅದರ ಲ್ಯಾಟಿನ್ ಮೂಲಕ್ಕೆ ಮೇಲೆ ಹಾರಿ ಬೀಳುವುದು ಎಂಬ ಅರ್ಥವಿತ್ತು, ಈಗ ಅದು ಬರಿಯ ಅವಮಾನ. ವೈದ್ಯರ ಭಾಷೆಯಲ್ಲಿ ಮಾತ್ರ ಮಿದುಳಿಗಾದ ಧಕ್ಕೆಯನ್ನು ಇಂದಿಗೂ ‘ಇನ್ಸಲ್ಟ್’ ಅನ್ನುವುದುಂಟು.

ರೋಮನ್ನರ ‘ಹನ್ನೆರಡು ಫಲಕ’ಗಳ ಕಾನೂನು ಸುಮಾರು ಕ್ರಿ.ಪೂ. 450ರದ್ದು. ಅದರಲ್ಲಿ ಸಣ್ಣಪುಟ್ಟ ‘ಇನ್‌ಯೂರಿಯಾ’ಕ್ಕೆ ದಂಡ 25 ತಾಮ್ರದ ನಾಣ್ಯ. ಈ ಕಾನೂನಿನ ಬಗ್ಗೆ ಆಲಸ್ ಗೆಲಿಯಸ್ ಎಂಬ ಲೇಖಕ ಒಂದು ಕಥೆ ದಾಖಲಿಸಿದ್ದಾನೆ. ಲೂಸಿಯಸ್ ವೆರೇಷಿಯಸ್ ಎಂಬ ಶ್ರೀಮಂತನಿಗೆ ದಾರಿಯಲ್ಲಿ ಸಿಕ್ಕವರ ಕೆನ್ನೆಗೆ ಬಾರಿಸುವುದೇ ಒಂದು ಮೋಜು. ಹಿಂದೆ ಹಣದ ಚೀಲ ಹಿಡಿದ ಗುಲಾಮ. ಯಜಮಾನ ಬಾರಿಸುತ್ತಿದ್ದಂತೆ ಗುಲಾಮ ಅಲ್ಲೇ 25 ನಾಣ್ಯ ಎಣಿಸಿ ಕೊಟ್ಟು ಮುಂದೆ ಹೋಗುತ್ತಿದ್ದ. ಕಾನೂನಿನ ಲೆಕ್ಕ ಚುಕ್ತಾ. ಇಂಥದ್ದನ್ನೆಲ್ಲ ನೋಡಿಯೇ ಮುಂದೆ ನ್ಯಾಯಾಧಿಕಾರಿಗಳು ನಿಗದಿತ ದರವನ್ನು ಕೈಬಿಟ್ಟು, ಪ್ರತಿ ಪ್ರಕರಣವನ್ನೂ ತೂಗಿ ನೋಡುವ ಕ್ರಮ ತಂದರಂತೆ. ಕೆನ್ನೆಯ ಉರಿಗೆ ಬೆಲೆ ಕಟ್ಟಬಹುದು. ‘ನಿನ್ನನ್ನು ಹೊಡೆಯಬಲ್ಲೆ, ಏನು ಮಾಡ್ತೀಯ’ ಅನ್ನುವುದಕ್ಕೆ ದರಪಟ್ಟಿ ಹಾಕಲು ಬರುವುದಿಲ್ಲ.

ಹಾಗಾದರೆ ಗಾಯವೂ ಅನ್ಯಾಯವೂ ಬೇರೆ ಬೇರೆ. ಅವು ಒಟ್ಟಿಗೆ ಬರಬಹುದು, ಒಂದೊಂದೇ ಬರಬಹುದು. ಇದನ್ನು ತಿಳಿಯಲು ನಮಗೆ ಲ್ಯಾಟಿನ್ ಬೇಕಿಲ್ಲ, ಮಹಾಭಾರತ ಸಾಕು. ಭೀಮನ ಗದೆ ದುರ್ಯೋಧನನ ತೊಡೆ ಮುರಿದಾಗ ಗಾಯವೂ ಆಯಿತು, ಯುದ್ಧದ ನಿಯಮವೂ ಮುರಿಯಿತು. ಬಲರಾಮ ಸಿಟ್ಟಾದದ್ದು ತೊಡೆ ಮುರಿದದ್ದಕ್ಕಲ್ಲ, ನಾಭಿಯ ಕೆಳಗೆ ಹೊಡೆದದ್ದಕ್ಕೆ. ದ್ಯೂತಸಭೆಯ ದ್ರೌಪದಿಯದು ಇನ್ನೊಂದು ಬಗೆ. ವೈದ್ಯನಿಗೆ ತೋರಿಸುವಂಥ ಗಾಯ ಅವಳ ಮೈಮೇಲೆ ಇರಲಿಲ್ಲ. ಆದರೂ ಇಡೀ ಕಥೆಯಲ್ಲಿ ಅದಕ್ಕಿಂತ ದೊಡ್ಡ ‘ಇಂಜುರಿ’ ಯಾವುದಿದೆ? ಅವಳು ಸಭೆಯ ಮುಂದಿಟ್ಟದ್ದು ನೋವಿನ ಮಾತಲ್ಲ, ಕಾನೂನಿನ ಪ್ರಶ್ನೆ: ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಇನ್ನು ಗಾಯವಿದ್ದೂ ಅನ್ಯಾಯವಿಲ್ಲದ ಕಡೆ ನೋಡಿ: ಕಬಡ್ಡಿ ಅಂಕಣ, ಶಸ್ತ್ರಚಿಕಿತ್ಸೆಯ ಕೋಣೆ. ಒಪ್ಪಿದವನಿಗೆ ಅನ್ಯಾಯವಿಲ್ಲ ಎಂದು ಲ್ಯಾಟಿನ್ನಿನಲ್ಲಿ ಕಾನೂನಿನ ಸೂತ್ರವೇ ಇದೆ, ‘ವೊಲೆಂಟಿ ನಾನ್ ಫಿಟ್ ಇಂಜುರಿಯಾ’. ಆ ಲೆಕ್ಕದಲ್ಲಿ ‘ಸ್ಪೋರ್ಟ್ಸ್ ಇಂಜುರಿ’ ಎನ್ನುವ ಮಾತೇ ವಿಚಿತ್ರ.

ನಮ್ಮ ದೇಶದ ಕಾನೂನು ಈ ಹಳೆಯ ಅರ್ಥವನ್ನು ಬಿಟ್ಟಿಲ್ಲ. 1860ರ ಭಾರತೀಯ ದಂಡ ಸಂಹಿತೆ ಮೈಗೆ ಆಗುವ ನೋವಿಗೆ ‘ಹರ್ಟ್’ ಎಂಬ ಬೇರೆ ಪದವನ್ನೇ ಇಟ್ಟುಕೊಂಡಿತ್ತು. ಅದರ 44ನೇ ಕಲಮಿನ ಪ್ರಕಾರ ‘ಇಂಜುರಿ’ ಎಂದರೆ ಒಬ್ಬರ ದೇಹಕ್ಕೆ, ಮನಸ್ಸಿಗೆ, ಮಾನಕ್ಕೆ ಅಥವಾ ಆಸ್ತಿಗೆ ಕಾನೂನುಬಾಹಿರವಾಗಿ ಮಾಡಿದ ಹಾನಿ. 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ವ್ಯಾಖ್ಯೆ ಉಳಿದಿದೆ. ಇಲ್ಲಿ ‘ಕಾನೂನುಬಾಹಿರವಾಗಿ’ ಅನ್ನುವುದೇ ಜೀವ. ‘ಗಾಯ’ ಎಂದು ಅನುವಾದಿಸಿದರೆ ಮೊದಲು ಸಾಯುವುದು ಅದೇ.

ಇದು ನಿಘಂಟಿನ ಜಗಳವಷ್ಟೇ ಅಲ್ಲ ಅನ್ನುವುದಕ್ಕೆ ಪುಣೆ, ಮುಂಬಯಿಯಲ್ಲಿರುವ ನಮಗೆ ದೂರವಲ್ಲದ ಮಹಾಡ್ ಸಾಕ್ಷಿ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ಅಲ್ಲಿನ ಚವದಾರ್ ಕೆರೆಯ ನೀರು ಕುಡಿದರು. ಕೆರೆ ಎಲ್ಲರಿಗೂ ಮುಕ್ತ ಎಂದು ಪುರಸಭೆ ಮೊದಲೇ ತೀರ್ಮಾನಿಸಿತ್ತು. ತೀರ್ಮಾನ ಕಾಗದದಲ್ಲೇ ಇತ್ತು. ನೀರು ಮುಟ್ಟಲು ಬಿಡದಿದ್ದರೆ ಮೈಮೇಲೆ ಗಾಯ ಕಾಣುವುದಿಲ್ಲ. ಅಂದು ಸತ್ಯಾಗ್ರಹಿಗಳ ಮೇಲೆ ಹಲ್ಲೆಯೂ ನಡೆಯಿತು. ಹಲ್ಲೆಯ ಗಾಯಗಳು ವಾರಗಳಲ್ಲೋ ತಿಂಗಳುಗಳಲ್ಲೋ ಮಾಸಿರಬೇಕು. ಕೆರೆಯ ಹಕ್ಕಿನ ಮೊಕದ್ದಮೆ ಬಾಂಬೆ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ. ಮಹಾಡ್ ಬಗ್ಗೆ ಇಂಗ್ಲಿಷಿನಲ್ಲಿ ‘ಇಂಜುರಿ’ ಎಂದು ಬರೆದದ್ದನ್ನು ಕನ್ನಡಕ್ಕೆ ‘ಗಾಯ’ ಎಂದು ತಂದರೆ ಹಲ್ಲೆ ಉಳಿಯುತ್ತದೆ, ಕೆರೆ ಮಾಯವಾಗುತ್ತದೆ.

ಈಗ ನಮ್ಮ ಕನ್ನಡದ ಕಡೆ ನೋಡೋಣ. ‘ಗಾಯ’ ಸಂಸ್ಕೃತದ ‘ಘಾತ’ದ ತದ್ಭವ. ಘಾತ ಅಂದರೆ ಹೊಡೆತ. ಹೊಡೆತ ಅಂದಮೇಲೆ ಹೊಡೆದವನು ಇರಲೇಬೇಕು. ಆದರೆ ಬಳಕೆಯಲ್ಲಿ ಅವನು ಸವೆದುಹೋಗಿದ್ದಾನೆ. ‘ಗಾಯವಾಯಿತು’, ‘ಗಾಯಗೊಂಡರು’: ಮಳೆ ಬಂದ ಹಾಗೆ ಗಾಯವೂ ತಾನಾಗಿಯೇ ಬರುತ್ತದೆ. ‘ಅಪಘಾತ’ದ ಒಳಗೂ ಘಾತವಿದೆ, ಘಾತಕನಿಲ್ಲ. ಇನ್ನೂ ವಿಪರೀತ ಎಂದರೆ ನಮ್ಮ ‘ಕೊಳ್ಳು’. ಸಾರವೆ ಕಟ್ಟಿದವನ ಬೇಜವಾಬ್ದಾರಿಯಿಂದ ಕೂಲಿಯವನು ಬಿದ್ದರೂ ನಾವು ಹೇಳುವುದು ‘ಕಾಲು ಮುರಿದುಕೊಂಡ’ ಅಂತಲೇ. ತಪ್ಪೆಲ್ಲ ಬಿದ್ದವನದೇ ಆಯಿತು. ಆಮೇಲೆ ‘ಪರಿಹಾರ’ ಘೋಷಣೆಯಾಗುತ್ತದೆ. ಕೊಟ್ಟ ಹಣಕ್ಕೂ ಸಮಸ್ಯೆ ಬಗೆಹರಿಯುವುದಕ್ಕೂ ಕನ್ನಡದಲ್ಲಿ ಒಂದೇ ಪದ. ವೆರೇಷಿಯಸ್‌ಗೆ ಈ ಪದ ಬಹಳ ಹಿಡಿಸುತ್ತಿತ್ತು.

ನನ್ನ ಕಸುಬಿನಲ್ಲಿ ಸರ್ವರ್ ಬಿದ್ದಾಗ ಯಾರನ್ನೂ ದೂರದೆ ವರದಿ ಬರೆಯುವುದು ಒಳ್ಳೆಯ ಪದ್ಧತಿ. ಹೆದರಿಕೆ ಇಲ್ಲದಿದ್ದರೆ ಜನ ನಿಜ ಹೇಳುತ್ತಾರೆ. ಸರ್ವರ್‌ಗೆ ಮಾನವಿಲ್ಲ, ಹಕ್ಕಿಲ್ಲ, ಹಾಗಾಗಿ ಅಲ್ಲಿ ಅದು ನಡೆಯುತ್ತದೆ. ಮನುಷ್ಯರು ಬಿದ್ದ ಸುದ್ದಿಯನ್ನೂ ಅದೇ ವ್ಯಾಕರಣದಲ್ಲಿ ಬರೆಯತೊಡಗಿದರೆ ಅದು ವರದಿಯಲ್ಲ, ತೇಪೆ.

ಹಾಗೆಂದು ಕನ್ನಡ ಬಡವಾಗಿಲ್ಲ. ‘ಪೆಟ್ಟು’ ಅಂದರೆ ಕೊಟ್ಟವನು, ತಿಂದವನು ಇಬ್ಬರೂ ನೆನಪಾಗುತ್ತಾರೆ. ಊರ ಕಡೆಯ ಮಾತಿನಲ್ಲಿ ‘ಅನ್ಯಾಯ’ ಇನ್ನೂ ಮೈಯೊಳಗೇ ಇದೆ. ‘ಚಿನ್ನದಂಥ ಹುಡುಗ, ಅನ್ಯಾಯವಾಗಿ ಹೋಗಿಬಿಟ್ಟ’ ಅನ್ನುತ್ತಾರೆ ನಮ್ಮ ಹಿರಿಯರು. ಚೆಲ್ಲಿದ ಹಾಲಿಗೂ ‘ಅನ್ಯಾಯವಾಗಿ ಹೋಯ್ತಲ್ಲ’ ಅನ್ನುತ್ತಾರೆ. ಆದದ್ದು ಆಗಬಾರದಿತ್ತು ಎಂಬ ದೂರು ಆ ಮಾತಿನಲ್ಲಿದೆ. ಇಂಗ್ಲಿಷ್ ಅನ್ಯಾಯದಿಂದ ಹೊರಟು ಗಾಯಕ್ಕೆ ಬಂತು. ನಮ್ಮ ಆಡುಮಾತು ನಷ್ಟವನ್ನು ಕಂಡೊಡನೆ ಅನ್ಯಾಯದ ಕಡೆಗೆ ಕೈ ತೋರಿಸುತ್ತದೆ.

ಅನುವಾದ ಮಾಡುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ‘ಇಂಜುರಿ’ ಎದುರಾದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿ ಪೆಟ್ಟಾಯಿತು? ಯಾರಿಂದ ಆಯಿತು? ಮೊದಲನೆಯದಕ್ಕೆ ಮಾತ್ರ ಉತ್ತರವಿದ್ದರೆ ‘ಗಾಯ’ ಎಂದೇ ಬರೆಯಿರಿ. ಎರಡನೆಯದಕ್ಕೂ ಉತ್ತರವಿದ್ದರೆ ‘ಅನ್ಯಾಯ’ ಎಂದು ಬರೆಯಲು ಹಿಂಜರಿಯಬೇಡಿ.