ಲುವಾಕ್ಕೆ ಸಿಕ್ಕ ಹೊಗಳಿಕೆ, ರೆಡಿಸ್‌ನ 5 ಸೆಕೆಂಡು

ತಂತ್ರಾಂಶವೊಂದರೊಳಗೆ ಸ್ಕ್ರಿಪ್ಟಿಂಗ್ ಭಾಷೆ ಕೂರಿಸುವ ಮಾತು ಬಂದರೆ ಪ್ರೋಗ್ರಾಮರುಗಳ ಬಾಯಿಗೆ ಮೊದಲು ಬರುವ ಹೆಸರು ಲುವಾ. 1993ರಲ್ಲಿ ಬ್ರೆಜಿಲಿನ ರಿಯೊದಲ್ಲಿ ಹುಟ್ಟಿದ ಈ ಭಾಷೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಎನ್‌ಮ್ಯಾಪ್, ನಿಯೋವಿಮ್, ಲೈಟ್‌ರೂಮ್‌ಗಳಲ್ಲೆಲ್ಲ ಮನೆಮಾಡಿದೆ. ಚಿಕ್ಕದು, ಚುರುಕು, ಸಿ ಭಾಷೆಯ ಜೊತೆ ಚೆನ್ನಾಗಿ ಹೊಂದುತ್ತದೆ. ಇಷ್ಟಕ್ಕೆ ಯಾರ ತಕರಾರೂ ಇಲ್ಲ. ಆದರೆ ಇದರ ಬಲದ ಮೇಲೆ ‘ಲುವಾ ಕೂರಿಸಿದರೆ ಚಿಂತೆಯಿಲ್ಲ’ ಎನ್ನುವವರು ರೆಡಿಸ್ ಡೇಟಾಬೇಸಿನ ಕಾನ್ಫಿಗರೇಶನ್ ಫೈಲನ್ನು ಓದಿದಂತಿಲ್ಲ.

ರೆಡಿಸ್ ಲುವಾವನ್ನು ತಂದದ್ದು 2012ರ 2.6 ಆವೃತ್ತಿಯಲ್ಲಿ. ಸ್ಕ್ರಿಪ್ಟ್ ಓಡುವಾಗ ಬೇರೆಯವರ ಕಮಾಂಡ್ ನಡುವೆ ನುಸುಳುವುದಿಲ್ಲ ಎಂಬುದು ಅದರ ಭರವಸೆ. ಲಾಕ್ ಬಿಡಿಸುವಂಥ ನಾಲ್ಕು ಸಾಲಿನ ಕೆಲಸಕ್ಕೆ ಇದು ಒಳ್ಳೆಯದೇ.

ಈಗ ಆ ಫೈಲಿನಲ್ಲಿದ್ದ ಒಂದು ಸಾಲು: ‘ಲುವಾ-ಟೈಮ್-ಲಿಮಿಟ್ 5000’. ಲೆಕ್ಕ ಮಿಲಿಸೆಕೆಂಡುಗಳಲ್ಲಿ. 5 ಸೆಕೆಂಡ್ ಕಳೆದರೆ ಸ್ಕ್ರಿಪ್ಟ್ ನಿಲ್ಲುತ್ತದೆ ಎಂದೇ ಯಾರಾದರೂ ಓದಿಕೊಳ್ಳುತ್ತಾರೆ. ನಿಲ್ಲುವುದಿಲ್ಲ. ಅಲ್ಲಿಯತನಕ ತುಟಿಬಿಚ್ಚದ ಸರ್ವರ್ ಆಮೇಲೆ ಉಳಿದವರಿಗೆ ‘ಬ್ಯುಸಿ’ ಎನ್ನತೊಡಗುತ್ತದೆ, ಅಷ್ಟೆ. ‘ಸ್ಕ್ರಿಪ್ಟ್ ಕಿಲ್’ ಎಂಬ ಕಮಾಂಡ್ ಇದೆಯಲ್ಲ ಎಂದರೆ, ಸ್ಕ್ರಿಪ್ಟ್ ಒಂದೇ ಒಂದು ಕೀ ಬದಲಿಸಿದ್ದರೂ ಅದು ನಡೆಯುವುದಿಲ್ಲ. ಅರ್ಧದಲ್ಲಿ ಕೊಂದರೆ ಡೇಟಾ ಅರ್ಧಂಬರ್ಧ ಉಳಿಯುತ್ತದೆ. ಆದದ್ದನ್ನು ಹಿಂದಕ್ಕೆ ತಿರುಗಿಸುವ ಏರ್ಪಾಡು ರೆಡಿಸ್‌ನಲ್ಲಿಲ್ಲ. ಮಿಕ್ಕ ದಾರಿ ‘ಶಟ್‌ಡೌನ್ ನೋಸೇವ್’, ಅಂದರೆ ಡೇಟಾ ಸೇವ್ ಮಾಡದೆ ಸರ್ವರನ್ನೇ ಮುಚ್ಚುವುದು! ಹೊತ್ತು ನೋಡುವ ರೀತಿಯಲ್ಲೂ ತೂತಿದೆ. ಲುವಾದ ಪ್ರತಿ 1,00,000 ಸೂಚನೆಗಳಿಗೊಮ್ಮೆ ಒಂದು ಹುಕ್ ಎದ್ದು ಗಡಿಯಾರ ನೋಡುತ್ತದೆ. ಸ್ಕ್ರಿಪ್ಟ್ ದೊಡ್ಡ ಡೇಟಾಬೇಸಿನ ಮೇಲೆ ‘ಕೀಸ್’ ಕಮಾಂಡ್ ಕೊಟ್ಟು ಕೂತರೆ ಕೆಲಸವೆಲ್ಲ ರೆಡಿಸ್‌ನ ಸಿ ಕೋಡಿನಲ್ಲಿ ನಡೆಯುತ್ತದೆ, ಲುವಾದ ಎಣಿಕೆ ಮುಂದೆ ಸಾಗುವುದೇ ಇಲ್ಲ.

ಲುವಾದ ಟೀಕಾಕಾರರಾದರೂ ಇದನ್ನು ಎತ್ತಬೇಕಿತ್ತು. ಅವರ ಜಗಳವೆಲ್ಲ ಅರೇ 1ರಿಂದ ಏಕೆ ಶುರುವಾಗುತ್ತದೆ ಎಂಬುದರ ಮೇಲೆ. ವರ್ಷಗಟ್ಟಲೆ ನಡೆದಿರುವ ಈ ವಾಗ್ವಾದದಿಂದ ಒಂದು ಸರ್ವರೂ ಉಳಿದಿಲ್ಲ. ಅಭಿಮಾನಿಗಳೇನೂ ಮೇಲಲ್ಲ, ಅವರು ಎಂಜಿನ್ನಿನ ಗಾತ್ರವನ್ನು ಕಿಲೋಬೈಟಿನಲ್ಲಿ ಅಳೆದು ಕೈತೊಳೆದುಕೊಳ್ಳುತ್ತಾರೆ. ಕೂರಿಸಿಕೊಂಡ ತಂತ್ರಾಂಶ ಸ್ಕ್ರಿಪ್ಟಿನ ಕೈಗೆ ಏನು ಕೊಟ್ಟಿದೆ, ಕೊಟ್ಟಮೇಲೆ ತಡೆಯಬಲ್ಲದೇ ಎಂಬ ಪ್ರಶ್ನೆ ಎರಡೂ ಕಡೆಯವರಿಗೆ ಹೊಳೆದಿಲ್ಲ.

ಹೊಳೆದದ್ದು ವಿಕಿಪೀಡಿಯದಲ್ಲಿ ಲುವಾ ಓಡಿಸುವ ಸ್ಕ್ರಿಬುಂಟೊ ಮಾಡಿದವರಿಗೆ, ಅವರನ್ನು ಹೊಗಳುವವರು ಕಡಿಮೆ. 2013ರಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂದ ಈ ವಿಸ್ತರಣೆಯನ್ನೇ ಕನ್ನಡ ವಿಕಿಪೀಡಿಯದ ಮಾಡ್ಯೂಲುಗಳೂ ನೆಚ್ಚಿವೆ. ಒಂದು ಪುಟದ ಲುವಾಕ್ಕೆಲ್ಲ ಸೇರಿ 10 ಸೆಕೆಂಡ್, 50 ಎಂಬಿ ಮೆಮೊರಿ. ಮೀರಿದರೆ ಮುಲಾಜಿಲ್ಲದೆ ಕತ್ತರಿ, ಪುಟದ ಆ ಜಾಗದಲ್ಲಿ ಕೆಂಪಕ್ಷರದ ದೋಷ ಸೂಚನೆ. ಕತ್ತರಿಸಿದರೆ ಏನೂ ಕೆಡುವುದಿಲ್ಲ, ಏಕೆಂದರೆ ಮಾಡ್ಯೂಲ್ ಪಠ್ಯವನ್ನು ಹಿಂದಿರುಗಿಸಬಲ್ಲದೇ ಹೊರತು ಯಾವ ಪುಟವನ್ನೂ ತಿದ್ದಲಾರದು. ರೆಡಿಸ್, ವಿಕಿಪೀಡಿಯ ಎರಡೂ ಕಡೆ ಇರುವುದು ಅದೇ ಲುವಾ, ಅದೇ 5.1 ಆವೃತ್ತಿ.

2022ರಲ್ಲಿ ಬಂದ ರೆಡಿಸ್ 7.0 ಆ ‘ಲುವಾ-ಟೈಮ್-ಲಿಮಿಟ್’ ಸಾಲಿಗೆ ‘ಬ್ಯುಸಿ-ರಿಪ್ಲೈ-ಥ್ರೆಶೋಲ್ಡ್’ ಎಂದು ಹೆಸರಿಟ್ಟಿತು. ಹೆಸರಾದರೂ ನಿಜ ಹೇಳುವಂತಾಯಿತು. ಜೊತೆಗೆ ‘ಫಂಕ್ಷನ್ಸ್’ ಎಂಬ ಹೊಸ ವ್ಯವಸ್ಥೆಯೂ ‘ಫಂಕ್ಷನ್ ಕಿಲ್’ ಎಂಬ ಕಮಾಂಡೂ ಬಂದವು. ಫಂಕ್ಷನ್ ಅಷ್ಟರಲ್ಲಿ ಏನನ್ನಾದರೂ ಬರೆದಿದ್ದರೆ ಇದು ಕೂಡ ನಡೆಯುವುದಿಲ್ಲ.