ಅಭಿಜಾತ ವಿದ್ಯೆಯೂ ಲೇಖಕನ ಹೊಣೆಯೂ

ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳನ್ನು ಕುರಿತು ಬರೆಯುವ ಲೇಖಕನು, ತನ್ನ ಬರಹ ಯಾರಿಗಾಗಿ ಎಂಬುದನ್ನು ಪತ್ರಿಕೆಗೆ ಕಳುಹಿಸುವ ಮುನ್ನವೇ ನಿಶ್ಚಯಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ 1931ರಲ್ಲಿ ಆರಂಭವಾದ 'ಗ್ರೀಸ್ ಅಂಡ್ ರೋಮ್' ಪತ್ರಿಕೆಯ ನಿಲುವು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ವಿದ್ವತ್ತು ಪಂಡಿತಮಂಡಲಿಯ ಹೊರಗಿನವರಿಗೂ ತಲಪಬೇಕು, ಗ್ರೀಕ್, ಲ್ಯಾಟಿನ್ ಉದ್ಧರಣೆಗಳಿಗೆ ಅನುವಾದವಿರಬೇಕು.

ಇದರಿಂದ ಪಾಂಡಿತ್ಯದ ಗೌರವ ಕುಗ್ಗುವುದೆಂದು ಕೆಲವರು ಶಂಕಿಸಬಹುದು. ವಸ್ತುತಃ ಈ ನಿಯಮವು ಲೇಖಕನಿಗೊಡ್ಡಿದ ನಿಕಷವಾಗಿದೆ. ಹೋಮರನ 'ಇಲಿಯಡ್' ಮಹಾಕಾವ್ಯದ ಮೊದಲ ಪದ 'ಮೇನಿಸ್'. ಮೂಲವನ್ನಷ್ಟೇ ಉದ್ಧರಿಸುವವನು ಅದರ ಅರ್ಥವನ್ನು ನಿರ್ಣಯಿಸದೆಯೇ ಮುಂದೆ ಸಾಗಬಲ್ಲನು. ಅನುವಾದಿಸುವವನಿಗೆ ಆ ಮರೆಯಿಲ್ಲ. ಬರಿಯ ಕೋಪವೆಂದರೆ ಸಾಲದು. ಆ ಕಾವ್ಯದಲ್ಲಿ ಈ ಪದವು ಪ್ರಾಯಶಃ ದೇವತೆಗಳ ಕ್ರೋಧಕ್ಕೇ ಮೀಸಲು. ಮಾನವರಲ್ಲಿ ನಾಯಕನಾದ ಅಕಿಲೀಸನಿಗೆ ಸಲ್ಲುತ್ತದೆ. ಅವನ ಸಿಟ್ಟು ಮಾನವಮಿತಿಯನ್ನು ಮೀರಿದ್ದೆಂಬ ಧ್ವನಿ ಆರಂಭದಲ್ಲಿಯೇ ಕೇಳಿಬರುತ್ತದೆ. ಇದನ್ನು ಗ್ರಹಿಸದವನ ಕೊರತೆಯನ್ನು ಅವನ ಅನುವಾದವೇ ಬಯಲುಮಾಡುವುದು. ಗ್ರಹಿಸಿದವನದು ಓದುಗನನ್ನು ಕಾವ್ಯದ ಮರ್ಮಕ್ಕೆ ಒಯ್ಯುವುದು.

ಮೂಲಭಾಷೆಯ ಜ್ಞಾನ ಅನಿವಾರ್ಯ. ಆದರೆ ಅದು ಓದುಗನನ್ನು ಹೊರಗಿಡುವ ಅಗುಳಿಯಾಗಬಾರದು. ಸಂಪಾದಕರಿಗೆ ಲೇಖನವನ್ನು ಒಪ್ಪಿಸುವ ಮುನ್ನ ಪ್ರತಿಯೊಂದು ಉದ್ಧರಣೆಯನ್ನೂ ಓದುಗನ ನುಡಿಯಲ್ಲಿ ಹೇಳಿ ನೋಡುವುದು ಲೇಖಕನಿಗೇ ಶ್ರೇಯಸ್ಕರ. ಎಲ್ಲಿ ಮಾತು ತಡೆಯುವುದೋ ಅಲ್ಲಿ ಮೂಲವನ್ನು ಇನ್ನೊಮ್ಮೆ ಓದತಕ್ಕದ್ದು.