ಮೊದಲು ಬೋರ್ಡ್, ಆಮೇಲೆ ಪ್ರೊಸೆಸರ್

ವಿಜಯವಾಡದ ಗವರ್ನರ್‌ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೊಟೇಶನ್ ಕೇಳಿ ನೋಡಿ. ಮೊದಲ ಸಾಲಿನಲ್ಲಿ ಪ್ರೊಸೆಸರ್ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ. ಎರಡನೆಯ ಸಾಲಿನಲ್ಲಿ ಬರೀ ‘ಬೋರ್ಡ್’ ಅಂತ ಬರೆದು ಬೆಲೆ ಹಾಕಿರುತ್ತಾರೆ. ಮಾಡೆಲ್ ಇರುವುದಿಲ್ಲ, ಚಿಪ್‌ಸೆಟ್ ಇರುವುದಿಲ್ಲ. ಕೊನೆಯ ಸಾಲಿನಲ್ಲಿ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಹೀಗೆಯೇ, ಚೆನ್ನೈನ ರಿಚಿ ಸ್ಟ್ರೀಟ್‌ನಲ್ಲೂ ಹೀಗೆಯೇ. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ, ನಾವು ಕೇಳುವುದೇ ‘ಐ5ಗೆ ಎಷ್ಟು, ಐ7ಗೆ ಎಷ್ಟು’ ಎಂದು. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂದು ಈ ವಾರ ಒತ್ತಿ ಹೇಳುತ್ತೇನೆ. ಬೋರ್ಡ್ ಮೊದಲು ಗೊತ್ತುಮಾಡಿ, ನಂತರ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್. ಪ್ರೊಸೆಸರ್ ವಿಷಯ ಮೂರನೆಯದು.

ಏಲೂರು ರಸ್ತೆ, ಬಂದರು ರಸ್ತೆಗಳ ನಡುವಿನ ಈ ಪೇಟೆಗೆ ಹೊಸಪೇಟೆ, ಬಳ್ಳಾರಿ ಕಡೆಯ ಹುಡುಗರೂ ಬರುತ್ತಾರೆ. ಅಮರಾವತಿ ಎಕ್ಸ್‌ಪ್ರೆಸ್ ಹಿಡಿದು ವಿಜಯವಾಡದ ಸುತ್ತಲಿನ ಕಾಲೇಜುಗಳಿಗೆ ಓದಲು ಬಂದವರು. ಬೆಸೆಂಟ್ ರಸ್ತೆಯ ಜನಸಂದಣಿ ದಾಟಿ, ಪಕ್ಕದ ರಸ್ತೆಯ ಅಂಗಡಿಯೊಂದರಲ್ಲಿ ಕೌಂಟರಿನ ಮುಂದೆ ನಿಂತಿದ್ದ ಅಂಥ ಹುಡುಗನೊಬ್ಬ ಚೀಲದಿಂದ ಒಂದು ಬೋರ್ಡ್ ತೆಗೆದ. ಎಚ್110 ಚಿಪ್‌ಸೆಟ್, ಮೇಲೆ ಕೋರ್ ಐ5-7500. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತಲ್ಲ, ವಿಂಡೋಸ್ 11ಕ್ಕೆ ಇಂಟೆಲ್ ಎಂಟನೆಯ ಪೀಳಿಗೆ ಬೇಕು. ಹಾಗಾಗಿ ಸೆಕೆಂಡ್ ಹ್ಯಾಂಡ್ ಐ5-8400 ಹಾಕಿಸಿಕೊಂಡರೆ ಮುಗಿಯಿತು ಅನ್ನುವುದು ಅವನ ಲೆಕ್ಕ. ಲೆಕ್ಕ ಮೇಲುನೋಟಕ್ಕೆ ಸರಿಯಾಗಿಯೇ ಇದೆ: ಎರಡಕ್ಕೂ ಸಾಕೆಟ್ ಎಲ್‌ಜಿಎ 1151.

ರಿಪೇರಿ ಮೇಜಿನ ಹಿಂದಿದ್ದ ಹಿರಿಯ ಮೆಕ್ಯಾನಿಕ್ ತಲೆ ಎತ್ತದೆ ಹೇಳಿದರು: ‘ಕೂರ್ಚುಂಟುಂದಿ ಬಾಬೂ, ಪನಿ ಚೆಯ್ಯದು.’ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಹುಡುಗ ನನ್ನ ಕಡೆ ತಿರುಗಿ, ‘ಸಾಕೆಟ್ ಒಂದೇ ಅಲ್ರೀ ಸರ್, ಯಾಕ ಆಗಂಗಿಲ್ಲ?’ ಎಂದ.

ಯಾಕೆಂದರೆ 2015ರಲ್ಲಿ ಬಂದ 1151 ಸಾಕೆಟ್ಟನ್ನು ಇಂಟೆಲ್ 2017ರಲ್ಲಿ ಅದೇ ಆಕಾರ, ಅದೇ ಪಿನ್ ಸಂಖ್ಯೆ ಉಳಿಸಿಕೊಂಡು ಒಳಗೇ ಬದಲಿಸಿತು. ಮೊದಲು ಖಾಲಿ ಬಿಟ್ಟಿದ್ದ ಕೆಲವು ಪಿನ್‌ಗಳಲ್ಲಿ ವಿದ್ಯುತ್ ಹರಿಸಿತು. ಆರು, ಏಳನೆಯ ಪೀಳಿಗೆಗೆ 100 ಮತ್ತು 200 ಸರಣಿಯ ಚಿಪ್‌ಸೆಟ್. ಎಂಟು, ಒಂಬತ್ತಕ್ಕೆ 300 ಸರಣಿ. ಚಿಪ್ಪಿನ ಅಂಚಿನ ಕಚ್ಚುಗಳೂ ಒಂದೇ ಜಾಗದಲ್ಲಿರುವುದರಿಂದ ಐ5-8400 ಆ ಎಚ್110 ಬೋರ್ಡಿನಲ್ಲಿ ಅಂದವಾಗಿ ಕೂರುತ್ತದೆ, ಲಿವರ್ ಮುಚ್ಚುತ್ತದೆ, ಫ್ಯಾನ್ ತಿರುಗುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಆ ಹುಡುಗ ಪ್ರೊಸೆಸರ್ ಜತೆ ಬೋರ್ಡನ್ನೂ ಬದಲಿಸಬೇಕಾಯಿತು. ಹಳೆಯ ಡಿಡಿಆರ್4 ರ‍್ಯಾಮ್ ಉಳಿಯಿತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ರೀತಿ ನೋಡಿದರೆ ಅದು ಉಳಿದದ್ದು ಸಣ್ಣ ಸಂಗತಿಯೇನಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಎಎಂಡಿಯ ಎಎಂ4 ಸಾಕೆಟ್ಟಿನ ಕಥೆ. 2017ರಲ್ಲಿ ಮೊದಲ ರೈಜ಼ನ್ ಬಂದಾಗ ಬಿ350 ಬೋರ್ಡ್ ಕೊಂಡವರು, ಬೋರ್ಡ್ ತಯಾರಕರು ಕೊಟ್ಟ ಹೊಸ ಬಯೋಸ್ ಹಾಕಿಕೊಂಡು, 2022ರಲ್ಲಿ ಬಂದ ರೈಜ಼ನ್ 7 5800ಎಕ್ಸ್3ಡಿಯನ್ನು ಅದೇ ಬೋರ್ಡಿನಲ್ಲಿ ಕೂರಿಸಿದರು. ಐದು ವರ್ಷದ ಹಿಂದಿನ ಬೋರ್ಡ್, ಆ ಹೊತ್ತಿನ ಅತ್ಯುತ್ತಮ ಗೇಮಿಂಗ್ ಪ್ರೊಸೆಸರ್‌ಗಳಲ್ಲೊಂದು. ಬೋರ್ಡ್ ಆಯ್ದುಕೊಳ್ಳುವಾಗಲೇ ಮುಂದಿನ ಅಪ್‌ಗ್ರೇಡ್ ನಿಶ್ಚಯವಾಗಿರುತ್ತದೆ ಎಂದು ನಾನು ಹೇಳುವುದು ಇದನ್ನು ನೋಡಿಯೇ. ಇಲ್ಲೊಂದು ಎಚ್ಚರಿಕೆ: ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ತಂದವರು ಹಳೆಯ ಪ್ರೊಸೆಸರ್ ಇನ್ನೂ ಅದರಲ್ಲಿರುವಾಗಲೇ ಬಯೋಸ್ ನವೀಕರಿಸಬೇಕು. ಹಳೆಯದನ್ನು ಮೊದಲೇ ಮಾರಿಬಿಟ್ಟರೆ ಆ ಕೆಲಸಕ್ಕೊಂದು ಎರವಲು ಪ್ರೊಸೆಸರ್ ಹುಡುಕಬೇಕಾಗುತ್ತದೆ. ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡಾದರೆ ಪೆನ್‌ಡ್ರೈವ್ ಒಂದೇ ಸಾಕು. ಆ ಬಟನ್ನಿಗಾಗಿ ಸ್ವಲ್ಪ ಹೆಚ್ಚು ಕೊಡಬೇಕಾದರೂ ನಾನು ಕೊಡುತ್ತೇನೆ.

ಇಂದು ಹೊಸದಾಗಿ ಕಟ್ಟುವವರ ಮುಂದೆ ಮುಖ್ಯವಾಗಿ ಮೂರು ದಾರಿ ಇವೆ. 2021ರ ಎಲ್‌ಜಿಎ 1700, ಇಂಟೆಲ್‌ನ 12ರಿಂದ 14ನೆಯ ಪೀಳಿಗೆಯವರೆಗೆ ನಡೆದು ನಿಂತಿತು. 2024ರಲ್ಲಿ ಅದರ ಜಾಗಕ್ಕೆ ಎಲ್‌ಜಿಎ 1851 ಬಂತು. ಎಎಂಡಿಯ ಎಎಂ5 2022ರದು. ರೈಜ಼ನ್ 7000, 8000, 9000 ಸರಣಿಗಳು ಅದೇ ಸಾಕೆಟ್ಟಿಗೆ ಬಂದವು. ಮೂರು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದವರಿಗೆ ನನ್ನ ಶಿಫಾರಸು ಎಎಂ5. ಕೈ ಬಿಗಿ ಇದ್ದು, ಹಳೆಯ ಡಿಡಿಆರ್4 ರ‍್ಯಾಮ್ ಮನೆಯಲ್ಲಿದ್ದರೆ 1700 ಸಾಕೆಟ್ಟಿನ ಡಿಡಿಆರ್4 ಬೋರ್ಡ್ ತಪ್ಪೇನಲ್ಲ. ಆದರೆ ಅದೇ ಸಾಕೆಟ್ಟಿನಲ್ಲಿ ಡಿಡಿಆರ್5 ಬೋರ್ಡುಗಳೂ ಇವೆ, ಎಷ್ಟೋ ಮಾಡೆಲ್‌ಗಳಲ್ಲಿ ಹೆಸರಿನ ಕೊನೆಯಲ್ಲಿ ಒಂದು ‘ಡಿ4’ ಇದೆಯೋ ಇಲ್ಲವೋ ಅಷ್ಟೇ ವ್ಯತ್ಯಾಸ. ಕೊಟೇಶನ್ನಿನಲ್ಲಿ ‘ಬೋರ್ಡ್’ ಅಂತಷ್ಟೇ ಬರೆಸಿಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ಡಿಡಿಆರ್4, ಡಿಡಿಆರ್5 ರ‍್ಯಾಮ್ ಪಟ್ಟಿಗಳನ್ನು ಪಕ್ಕಪಕ್ಕ ಹಿಡಿದು ನೋಡಿ. ಎರಡೂ ಒಂದೇ ಉದ್ದ, ಎರಡಕ್ಕೂ 288 ಪಿನ್. ಕೆಳ ಅಂಚಿನ ಚಿನ್ನದ ಗೆರೆಗಳ ನಡುವೆ ಇರುವ ಕಚ್ಚು ಮಾತ್ರ ಕೆಲವು ಮಿಲಿಮೀಟರ್ ಸರಿದಿದೆ, ಡಿಡಿಆರ್5ರಲ್ಲಿ ಅದು ನಟ್ಟನಡುವಿಗೆ ಹತ್ತಿರ. ತಪ್ಪು ಪಟ್ಟಿ ಸ್ಲಾಟಿಗೆ ಇಳಿಯದಿರಲಿ ಎಂದೇ ಹಾಗೆ ಮಾಡಿದ್ದಾರೆ. ಇಳಿಯದಿದ್ದರೆ ಒತ್ತಬೇಡಿ. ಇನ್ನು, ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇವೆಯೆಂದು ನಾಲ್ಕನ್ನೂ ತುಂಬುವ ಆಸೆ ಬೇಡ. ರೈಜ಼ನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವುದು ಎರಡು ಪಟ್ಟಿಗೆ 5200 ವೇಗ, ನಾಲ್ಕು ಪಟ್ಟಿಗೆ 3600. ಎಂಟು ಜಿಬಿಯ ನಾಲ್ಕು ಕೊಳ್ಳುವ ಬದಲು ಹದಿನಾರು ಜಿಬಿಯ ಎರಡನ್ನು ಒಂದೇ ಕಿಟ್ ಆಗಿ ಕೊಂಡು, ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ. ಆಮೇಲೆ ಬಯೋಸ್‌ನಲ್ಲಿ, ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ನಡೆಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇದನ್ನು ಮಾಡದೆ, ದುಡ್ಡು ಕೊಟ್ಟು ತಂದ ವೇಗವನ್ನು ವರ್ಷಗಟ್ಟಲೆ ಬಳಸದೆ ಬಿಟ್ಟವರು ಬಹಳ ಮಂದಿ.

ಕೊಟೇಶನ್ನಿನಲ್ಲಿ ಎಲ್ಲವೂ ಒಂದಕ್ಕೊಂದು ಹೊಂದುತ್ತದೆ ಎಂದಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಈ ಊರಿಗೆ ಹೊಂದುತ್ತದೆಯೇ ಎಂದು. ಕೋರ್ ಐ7-14700 ಡಬ್ಬಿಯ ವಿವರದಲ್ಲಿ 65 ವ್ಯಾಟ್ ಎಂದಿರುತ್ತದೆ, ಟರ್ಬೊ ಏರಿದಾಗ ಅದು 219 ವ್ಯಾಟ್ ಎಳೆಯಬಲ್ಲದು. ಎಚ್610 ಬೋರ್ಡಿನ ಬೆಂಬಲ ಪಟ್ಟಿಯಲ್ಲಿ ಅದರ ಹೆಸರಿರುತ್ತದೆ, ಹಾಕಿದರೆ ಕಂಪ್ಯೂಟರ್ ನಡೆಯುತ್ತದೆ. ಆದರೆ ಅಗ್ಗದ ಎಚ್610ರಲ್ಲಿ ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಭಾಗದ ಮೇಲೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಬಿಸಿಯಾದ ಕೂಡಲೇ ಬೋರ್ಡ್ ತಾನೇ ವೇಗ ಇಳಿಸುತ್ತದೆ. ಐ7ಕ್ಕೆ ದುಡ್ಡು ಕೊಟ್ಟವರು ಐ5ರ ಕೆಲಸ ತೆಗೆಯುತ್ತಾರೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ವಿಜಯವಾಡದಲ್ಲಿ ಇದು ಬೇಗ ಅನುಭವಕ್ಕೆ ಬರುತ್ತದೆ. ಕೂಲರ್ ಏನು ಮಾಡಿದರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಬೆಂಗಳೂರಿಗಿಂತ ಹತ್ತು ಡಿಗ್ರಿ ಬಿಸಿ ಇರುವ ಕೋಣೆಯಲ್ಲಿ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. ಯೂಟ್ಯೂಬಿನ ಎಸಿ ಕೋಣೆಯಲ್ಲಿ ಅಳೆದ ತಾಪಮಾನ ನಂಬಿ ಇಲ್ಲಿ ಕೂಲರ್ ಕೊಳ್ಳಬೇಡಿ. ಮುಂದೆ ಗಾಜು ಮುಚ್ಚಿ ಬಣ್ಣದ ದೀಪ ಹಾಕಿದ ಕ್ಯಾಬಿನೆಟ್‌ಗಿಂತ ಮುಂದೆ ಜಾಲರಿ ಇರುವುದು ಮೇಲು. ವಿಶಾಖಪಟ್ಟಣದಲ್ಲಿ ಸೆಖೆಯ ಜತೆಗೆ ಕಡಲ ಉಪ್ಪುಗಾಳಿ ಬೇರೆ. ಅಲ್ಲಿಯವರು ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಳ್ಳುವಾಗ ಪೋರ್ಟುಗಳ ತಗಡು, ಸ್ಕ್ರೂ ತೂತುಗಳ ಸುತ್ತ ಹಸಿರು ಕಿಲುಬು ಹಿಡಿದಿದೆಯೇ ನೋಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ಮನೆಗಳಿಗೆ ನೀರು ನುಗ್ಗಿದ ವಿಜಯವಾಡದಲ್ಲೂ ಆ ಪರೀಕ್ಷೆ ತಪ್ಪಿಸಬಾರದು.

ಎಸ್‌ಎಂಪಿಎಸ್ ಬಗ್ಗೆ ನಾನು ಪಟ್ಟು ಸಡಿಲಿಸುವುದಿಲ್ಲ. ಕ್ಯಾಬಿನೆಟ್ ಜತೆ ಪುಕ್ಕಟೆ ಬರುವ ‘450 ವ್ಯಾಟ್’ ಡಬ್ಬಿಯನ್ನು ತಿರುಗಿಸಿ ಲೇಬಲ್ ಓದಿ. 12 ವೋಲ್ಟ್ ಕಾಲಮ್ಮಿನಲ್ಲಿ ಎಷ್ಟು ಆಂಪಿಯರ್ ಎಂದಿದೆ? 18 ಎಂದಿದ್ದರೆ, 12ರಿಂದ ಗುಣಿಸಿದಾಗ ಬರುವುದು 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡುವುದು ಆ ತಟ್ಟೆಯಲ್ಲೇ. ಒಳ್ಳೆಯ ಸಂಸ್ಥೆಯ, 80 ಪ್ಲಸ್ ಬ್ರಾಂಜ಼್ ಅಥವಾ ಗೋಲ್ಡ್ ಪ್ರಮಾಣಪತ್ರವಿರುವ ಎಸ್‌ಎಂಪಿಎಸ್ ಎರಡು ಬೋರ್ಡ್‌ಗಳ ಆಯುಷ್ಯ ಬಾಳುತ್ತದೆ. ಯುಪಿಎಸ್ ಕೊಳ್ಳುವಾಗಲೂ ಡಬ್ಬಿಯ ಮೇಲಿನ ವಿಎ ಅಂಕಿಯ ಜತೆ ವ್ಯಾಟ್ ಅಂಕಿ ಕೇಳಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸಿನದು; ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಅದರ ಮೇಲೆ ಕರೆಂಟು ಹೋದಾಗ ನಿಲ್ಲುವುದು ಅನುಮಾನ.

ಮಾಡ್ಯುಲರ್, ಅಂದರೆ ಕೇಬಲ್ಲು ಕಳಚಬಹುದಾದ, ಎಸ್‌ಎಂಪಿಎಸ್ ಬದಲಿಸುವವರಿಗೆ ಈ ಅಂಕಣದಲ್ಲಿ ಒಂದೇ ಮಾತು ನೆನಪಿಡಬೇಕೆಂದರೆ ಇದು: ಹಳೆಯ ಕೇಬಲ್ಲುಗಳನ್ನು ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಬೇಡಿ. ಕೇಬಲ್ಲಿನ ಒಂದು ತುದಿ, ಹಾರ್ಡ್‌ಡಿಸ್ಕಿಗೋ ಕಾರ್ಡಿಗೋ ಸೇರುವ ತುದಿ, ಎಲ್ಲ ಕಂಪನಿಗಳಿಗೂ ಒಂದೇ ಮಾನದಂಡದ್ದು. ಎಸ್‌ಎಂಪಿಎಸ್ ಒಳಗೆ ಸೇರುವ ಇನ್ನೊಂದು ತುದಿಗೆ ಮಾನದಂಡವೇ ಇಲ್ಲ. ಒಂದು ಕಂಪನಿ 5 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಂದು ಕಂಪನಿ 12 ವೋಲ್ಟ್ ಇಟ್ಟಿರಬಹುದು. ಪ್ಲಗ್ ಸಲೀಸಾಗಿ ಒಳಗೆ ಹೋಗುತ್ತದೆ; ಸ್ವಿಚ್ ಹಾಕಿದ ಕ್ಷಣದಲ್ಲಿ ಹಾರ್ಡ್‌ಡಿಸ್ಕ್, ಅದರೊಳಗಿನ ಮದುವೆ ಫೋಟೋಗಳು, ಪ್ರಾಜೆಕ್ಟ್ ವರದಿ ಎಲ್ಲ ಸುಟ್ಟು ಹೋಗುತ್ತವೆ. ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್‌ಗಳ ನಡುವೆಯೂ ಈ ವ್ಯತ್ಯಾಸ ಇರಬಹುದು. ಕೈಗೆ ಸಿಕ್ಕ ಕೇಬಲ್ಲು ಹಾಕಿಕೊಡಲು ಹೊರಟ ಅಂಗಡಿಯ ಹುಡುಗನ ಕೈ ಹಿಡಿದು ನಿಲ್ಲಿಸಿ, ಸಂಕೋಚ ಬೇಡ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಡಿನ ಉದ್ದ, ಕ್ಯಾಬಿನೆಟ್ ಒಳಗಿನ ಜಾಗ ಎರಡನ್ನೂ ಮಿಲಿಮೀಟರಿನಲ್ಲಿ ನೋಡಿಕೊಳ್ಳಿ. ಹಳೆಯ ಪಿಸಿಐಇ 3.0 ಬೋರ್ಡಿಗೆ ಹೊಸ ಕಾರ್ಡ್ ಕೂರುತ್ತದೆ, ನಡೆಯುತ್ತದೆ. ಆದರೆ 2022ರ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ, ನಾಲ್ಕೇ ಲೇನ್ ಬಳಸುವ ಕಾರ್ಡ್ ಅಲ್ಲಿ ಗಣನೀಯವಾಗಿ ಸೋಲುತ್ತದೆ. ಕಾರ್ಡ್ ಆಮೇಲೆ ಕೊಳ್ಳುತ್ತೇನೆ ಎನ್ನುವವರು ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರ್ ತರಬಾರದು. ಐ5-12400ಎಫ್‌ಗೆ ಒಳಗಿನ ಗ್ರಾಫಿಕ್ಸ್ ಇಲ್ಲ, ಮಾನಿಟರ್‌ನಲ್ಲಿ ಏನೂ ಕಾಣದು. ರೈಜ಼ನ್ 5 5600 ಕೂಡ ಹಾಗೆಯೇ. 5600ಜಿ ಆದರೆ ಚಿಂತೆಯಿಲ್ಲ.

ಇನ್ನು, ‘ಕೋರ್ ಐ5, 16 ಜಿಬಿ, ಎಸ್‌ಎಸ್‌ಡಿ, ಒಂದು ವರ್ಷ ವಾರಂಟಿ’ ಎಂಬ ಅಗ್ಗದ ಕಾಂಬೋಗಳು. ಪೀಳಿಗೆ ಯಾವುದು ಎಂದು ಕೇಳಿ. ಬಹುಮಟ್ಟಿಗೆ ಅದು 2011–12ರ ಎರಡನೆಯ ಅಥವಾ ಮೂರನೆಯ ಪೀಳಿಗೆಯ ಪ್ರೊಸೆಸರ್ ಆಗಿರುತ್ತದೆ, ಹೊಸದಾಗಿ ತಯಾರಾದ ಎಚ್61 ಬೋರ್ಡಿನ ಮೇಲೆ, ಡಿಡಿಆರ್3 ರ‍್ಯಾಮ್ ಜತೆ. ಬೋರ್ಡ್ ಹೊಳೆಯುತ್ತಿರುತ್ತದೆ, ಎಂ.2 ಸ್ಲಾಟ್ ಕೂಡ ಇರುತ್ತದೆ. ಅದರಿಂದ ಮುಂದಕ್ಕೆ ಹೋಗಲು ದಾರಿಯಿಲ್ಲ: ರ‍್ಯಾಮ್ ಮುಂದಿನ ಬೋರ್ಡಿಗೆ ಆಗದು, ಪ್ರೊಸೆಸರ್ ಆಗದು, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಅದಿಲ್ಲ. ಮಕ್ಕಳ ಓದಿಗೆಂದು ಕಷ್ಟಪಟ್ಟು ಕೂಡಿಸಿದ ಹದಿನೈದು ಸಾವಿರ ರೂಪಾಯಿಯನ್ನು ಅದಕ್ಕೆ ಸುರಿಯಬೇಡಿ. ಅಷ್ಟೇ ಹಣಕ್ಕೆ ಕಚೇರಿಗಳಿಂದ ಬಂದ, ಎಂಟನೆಯ ಪೀಳಿಗೆಯ ಸೆಕೆಂಡ್ ಹ್ಯಾಂಡ್ ಬ್ರಾಂಡೆಡ್ ಡೆಸ್ಕ್‌ಟಾಪ್ ಹುಡುಕಿದರೆ ಒಳ್ಳೆಯದು. ಆದರೆ ಅವುಗಳಲ್ಲಿ ಕಂಪನಿಗಳು ತಮ್ಮದೇ ಆಕಾರದ ಬೋರ್ಡ್, ತಮ್ಮದೇ ಪ್ಲಗ್ಗಿನ ಎಸ್‌ಎಂಪಿಎಸ್ ಹಾಕಿರುವುದರಿಂದ, ಮುಂದೆ ದೊಡ್ಡ ಅಪ್‌ಗ್ರೇಡಿನ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಈ ವಾರ ಅಂಗಡಿಗೆ ಹೊರಟಿರುವವರಲ್ಲಿ ನನ್ನದೊಂದು ಕೋರಿಕೆ. ಕೊಟೇಶನ್ ಹಾಳೆಯಲ್ಲಿ ಬೋರ್ಡಿನ ಪೂರ್ತಿ ಮಾಡೆಲ್ ಹೆಸರು, ರ‍್ಯಾಮಿನ ಕಿಟ್ ಸಂಖ್ಯೆ, ಎಸ್‌ಎಂಪಿಎಸ್ ಮಾಡೆಲ್ ಇವನ್ನು ಬರೆಸಿಕೊಳ್ಳಿ. ದುಡ್ಡು ಕೊಡುವ ಮುನ್ನ ಮನೆಗೆ ಬಂದು, ಬೋರ್ಡ್ ತಯಾರಕರ ಜಾಲತಾಣದ ಸಿಪಿಯು ಬೆಂಬಲ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಎದುರು ಯಾವ ಬಯೋಸ್ ಆವೃತ್ತಿ ಇದೆ ಎಂದು ನೋಡಿ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಂದೇ ಅಂಗಡಿಯಲ್ಲಿ ತೆಗೆದುಕೊಂಡು ಅಲ್ಲೇ ಜೋಡಿಸಿ ಪರದೆ ಬೆಳಗುವುದನ್ನು ನೋಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಹಾಕಿಸಿಕೊಳ್ಳದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ.